ನೋತ್ರ್ ದಾಮ್: ಬೆಂಕಿ ತಾಗದ ಕಲಾಕೃತಿಗಳಿಗೆ ಯಾಕಿಷ್ಟು ರಿಪೇರಿ, ಯಾಕಿಷ್ಟು ಜಗಳ?

ಪ್ಯಾರಿಸಿನ ನೋತ್ರ್ ದಾಮ್ ಕೆಥೆಡ್ರಲಿಗೆ ಪಶ್ಚಿಮದ ಬಾಗಿಲಿನಿಂದ ಹೊಕ್ಕರೆ ಬಲಗಡೆಗೆ ಸಾಲಾಗಿ ಏಳು ಚಿಕ್ಕ ಪೂಜಾಮಂದಿರಗಳಿವೆ. ಅವುಗಳಲ್ಲಿ ಆರರ ಕಿಟಕಿಗಳಿಗೆ ಇರುವುದು 19ನೇ ಶತಮಾನದ ಗಾಜು, ಆಗ ಕೆಥೆಡ್ರಲಿನ ಜೀರ್ಣೋದ್ಧಾರ ಮಾಡಿದ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಹಾಕಿಸಿದ್ದು. ಸಂತರ ಚಿತ್ರಗಳಿಲ್ಲ, ಕಥೆಯಿಲ್ಲ. ಬಹುಪಾಲು ಬೂದು-ಬಿಳಿ ಛಾಯೆಯ ಬಳ್ಳಿ, ಎಲೆ, ರೇಖೆಗಳ ಹೆಣಿಗೆ. 2019ರ ಏಪ್ರಿಲ್ 15ರ ಸಂಜೆ ಮಾಡು ಹೊತ್ತಿ ಉರಿದಾಗ ಈ ಕಿಟಕಿಗಳಿಗೆ ಏನೂ ಆಗಲಿಲ್ಲ. ಈಗ ಅವನ್ನು ಕಳಚಿ, ಆ ಜಾಗಕ್ಕೆ ಕ್ಲೇರ್ ತಬೂರೇ ಎಂಬ ಕಲಾವಿದೆ ರೂಪಿಸಿದ ಹೊಸ ಗಾಜು ಕೂರಿಸುವ ಯೋಜನೆ ಮುಂದೆ ಸಾಗಿದೆ. ಬೆಂಕಿಯಲ್ಲಿ ಉಳಿದದ್ದನ್ನು ಬೆಂಕಿಯ ಹೆಸರಿನಲ್ಲಿ ತೆಗೆಯುವುದೇ ಎಂಬ ಪ್ರಶ್ನೆ ಫ್ರಾನ್ಸಿನಲ್ಲಿ ದೊಡ್ಡ ಜಗಳವಾಗಿದೆ.

ಇದನ್ನು ಸರಿಯಾಗಿ ತೂಗಬೇಕಾದರೆ ಕೆಥೆಡ್ರಲಿನ ಒಳಗಿದ್ದ ವಸ್ತುಗಳಿಗೆ ಆ ರಾತ್ರಿ ಮತ್ತು ಆಮೇಲೆ ಏನಾಯಿತು ಎಂಬುದನ್ನು ತಿಳಿಯಬೇಕು. ಶಿಖರ ಬಿದ್ದದ್ದು, ಮರಗೆಲಸದವರು ಕೊಡಲಿ ಹಿಡಿದು ಹೊಸ ತೊಲೆ ಕೆತ್ತಿದ್ದು ಎಲ್ಲರಿಗೂ ಗೊತ್ತು. ಚಿತ್ರ, ವಿಗ್ರಹ, ಕೊಳವೆಗಳ ಆರ್ಗನ್ ವಾದ್ಯ, ಆಸನ, ರತ್ನಗಂಬಳಿ, ಗಾಜು ಇವುಗಳ ಸುದ್ದಿ ಅಷ್ಟಾಗಿ ಬರಲಿಲ್ಲ. ಅವುಗಳಲ್ಲಿ ಜ್ವಾಲೆಗೆ ನೇರವಾಗಿ ಸಿಕ್ಕಿದ್ದು ತೀರ ಕಡಿಮೆ. ಹಾಗಿದ್ದೂ ಹೆಚ್ಚುಕಡಿಮೆ ಎಲ್ಲವನ್ನೂ ಕಳಚಿ, ಹೊರಗೆ ಸಾಗಿಸಿ, ತೊಳೆದು, ರಿಪೇರಿ ಮಾಡಿ ತರಬೇಕಾಯಿತು.

ಮೇಲೆ ಬೆಂಕಿ, ಕೆಳಗೆ ವಸ್ತು

ಗೋಥಿಕ್ ಕೆಥೆಡ್ರಲಿಗೆ ಎರಡು ಚಾವಣಿ. ಒಳಗೆ ನಿಂತು ತಲೆಯೆತ್ತಿದರೆ ಕಾಣುವುದು ಕಲ್ಲಿನ ಕಮಾನುಚಾವಣಿ. ಅದರ ಮೇಲೆ, ಕಣ್ಣಿಗೆ ಬೀಳದ ಅಟ್ಟದಲ್ಲಿ, ಮರದ ತೊಲೆ-ಜಂತಿಗಳ ಮಾಡು. ನೋತ್ರ್ ದಾಮಿನ ಓಕ್ ಮರದ ಅಟ್ಟಕ್ಕೆ ‘ಕಾಡು’ ಎಂದೇ ಅಡ್ಡಹೆಸರಿತ್ತು. ಅದರ ಹೊದಿಕೆ ಸೀಸದ ತಗಡು. ಉರಿದದ್ದು ಈ ಅಟ್ಟ. ಕಲ್ಲಿನ ಕಮಾನು ಬಹುಪಾಲು ತಡೆದು ನಿಂತಿತು. ಕುಸಿದದ್ದು ಮೂರು ಕಡೆ: ಶಿಲುಬೆಯಾಕಾರದ ಈ ಕಟ್ಟಡದ ಅಡ್ಡಸಾಲು-ಉದ್ದಸಾಲು ಕೂಡುವ ನಡುಭಾಗ, ಉದ್ದಸಾಲಿನ ಒಂದು ತುಂಡು, ಉತ್ತರದ ಅಡ್ಡಸಾಲಿನ ಒಂದು ಭಾಗ. ಈ ಮೂರು ತೂತುಗಳ ಕೆಳಗೆ ಇದ್ದದ್ದಕ್ಕೆ ಗ್ರಹಚಾರ, ಉಳಿದದ್ದಕ್ಕೆ ನೆರಳು.

ನಡುಭಾಗದ ಕೆಳಗೆ 1989ರಲ್ಲಿ ಕೂರಿಸಿದ ಕಂಚಿನ ಬಲಿಪೀಠವಿತ್ತು. ಕಲ್ಲು, ಉರಿವ ಮರ, ಶಿಖರದ ತುಂಡು ಅದರ ಮೇಲೆ ಬಿದ್ದು ಅದು ನಾಶವಾಯಿತು. ಅಲ್ಲೇ ಪಕ್ಕದ ಕಂಬಕ್ಕೆ ಒರಗಿ ನಿಂತಿದ್ದ 14ನೇ ಶತಮಾನದ ಮಾತೆ ಮರಿಯ-ಬಾಲಯೇಸುವಿನ ಕಲ್ಲಿನ ವಿಗ್ರಹಕ್ಕೆ, ಸುತ್ತ ರಾಶಿ ಕಲ್ಲು ಬಿದ್ದರೂ, ಏಟು ತಾಗಲಿಲ್ಲ. ಅದನ್ನು ಸೇಂಟ್ ಜರ್ಮೇನ್ ಲೋಸೆರ್ವಾ ಚರ್ಚಿನಲ್ಲಿಟ್ಟು, 2024ರ ನವೆಂಬರ್ 15ರಂದು ಮೆರವಣಿಗೆಯಲ್ಲಿ ಮರಳಿ ತಂದರು. ಬಲಿಪೀಠದ ಹಿಂದೆ, ಪೂರ್ವ ತುದಿಗೆ ಇರುವ ನಿಕೊಲಾ ಕುಸ್ತೂ ಕೆತ್ತಿದ ಅಮೃತಶಿಲೆಯ ಪಿಯೆತಾ (ಸತ್ತ ಯೇಸುವಿನೊಡನೆ ಮಾತೆ ಮರಿಯಳ ವಿಗ್ರಹ), ಅದರ ಎರಡು ಬದಿಗೆ ಮಂಡಿಯೂರಿದ 13ನೇ ಲೂಯಿ ಮತ್ತು 14ನೇ ಲೂಯಿ ಅರಸರ ವಿಗ್ರಹಗಳೂ ಉಳಿದವು. ಅಮೃತಶಿಲೆಯ ಹರಳುಗಳು ಬಿಸಿಗೆ ಒಂದು ದಿಕ್ಕಿಗೆ ಹಿಗ್ಗಿದರೆ ಇನ್ನೊಂದು ದಿಕ್ಕಿಗೆ ಹಾಗೆ ಹಿಗ್ಗುವುದಿಲ್ಲ. ತಾಪ ಏರಿದರೆ ಹರಳು ಹರಳು ಬಿಟ್ಟುಕೊಂಡು ಮೇಲ್ಮೈ ಸಕ್ಕರೆಯಂತೆ ಉದುರುತ್ತದೆ. ಇಲ್ಲಿ ಹಾಗಾಗದಿದ್ದುದಕ್ಕೆ ಕಾರಣ ಮೇಲಿನ ಕಮಾನು.

ಹೋಲಿಕೆಗೆ ಪಶ್ಚಿಮ ಫ್ರಾನ್ಸಿನ ನಾಂತ್ ನಗರದ ಕೆಥೆಡ್ರಲನ್ನು ನೋಡಿ. ಅಲ್ಲಿ 1972ರಲ್ಲಿ ಮಾಡು ಸುಟ್ಟಿತ್ತು, ಮರದ ಬದಲು ಕಾಂಕ್ರೀಟಿನಲ್ಲಿ ಕಟ್ಟಿದರು. 2020ರ ಜುಲೈ 18ರ ಬೆಳಿಗ್ಗೆ ಒಳಗಿದ್ದವನೇ ಬೆಂಕಿ ಹಚ್ಚಿದ. ಕಾಂಕ್ರೀಟ್ ಮಾಡು ಗಟ್ಟಿಯಾಗಿ ನಿಂತಿತು. ಬೆಂಕಿ ಇದ್ದದ್ದು ಕಮಾನಿನ ಕೆಳಗೆ. 1621ರ ಆರ್ಗನ್, ಫ್ರೆಂಚ್ ಕ್ರಾಂತಿ, 1944ರ ಬಾಂಬು, 1972ರ ಬೆಂಕಿ ಮೂರನ್ನೂ ದಾಟಿ ಬಂದದ್ದು, ಸುಟ್ಟುಹೋಯಿತು. ಅದರ ಹಿಂದಿನ ಹಳೆಯ ಗಾಜು ಹೋಯಿತು, ಇಪೊಲಿತ್ ಫ್ಲಾಂದ್ರೆನ್ ಬರೆದ ಸಂತ ಕ್ಲೇರನ ಚಿತ್ರವೂ ಹೋಯಿತು. ಕಮಾನು ಹೊಗೆಯನ್ನು ಒಳಗೇ ಹಿಡಿದಿಟ್ಟಿದ್ದರಿಂದ ಇಡೀ ಒಳಾಂಗಣಕ್ಕೆ ಮಸಿ ಹಿಡಿಯಿತು. ಕಟ್ಟಡದ ಲೆಕ್ಕದಲ್ಲಿ ನಾಂತಿನದ್ದು ಸಣ್ಣ ಬೆಂಕಿ. ಒಳಗಿನ ವಸ್ತುಗಳ ಲೆಕ್ಕದಲ್ಲಿ ಪ್ಯಾರಿಸಿಗಿಂತ ದೊಡ್ಡದು.

ಪ್ಯಾರಿಸಿನಲ್ಲಿ ಆ ಸಂಜೆ ಮೊದಲ ಅಲಾರಂ ಬಂದದ್ದು ಆರೂಕಾಲು ದಾಟಿದ ಹೊತ್ತಿಗೆ. ಕಾವಲಿನವರು ಮೊದಲು ತಪ್ಪು ಅಟ್ಟ ಹತ್ತಿ ನೋಡಿ ಇಳಿದರು, ಅರ್ಧ ಗಂಟೆ ಅಲ್ಲೇ ಹೋಯಿತು. ರಾತ್ರಿ ಎಂಟಾಗುವ ಮೊದಲೇ ಶಿಖರ ಬಿತ್ತು. ಅಗ್ನಿಶಾಮಕದವರು, ಪೊಲೀಸರು, ಚರ್ಚಿನ ಸಿಬ್ಬಂದಿ, ಸಂಸ್ಕೃತಿ ಇಲಾಖೆಯವರು, ನಗರಪಾಲಿಕೆಯವರು ಸಾಲಾಗಿ ನಿಂತು ಕೈಯಿಂದ ಕೈಗೆ ವಸ್ತು ದಾಟಿಸಿದರು. ಯೇಸುವಿನ ತಲೆಗೆ ತೊಡಿಸಿದ್ದೆಂದು ನಂಬುವ ಮುಳ್ಳಿನ ಕಿರೀಟ ಪೂರ್ವ ತುದಿಯ ಪೂಜಾಮಂದಿರದ ತಿಜೋರಿಯಲ್ಲಿತ್ತು. 13ನೇ ಶತಮಾನದಲ್ಲಿ 9ನೇ ಲೂಯಿ ಅರಸ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿಯಿಂದ ಕೊಂಡು ತಂದ ಪವಿತ್ರ ಅವಶೇಷ ಅದು. ತಿಜೋರಿ ತೆಗೆಯಲು ಕೀ ಬೇಕು, ಕೋಡ್ ಬೇಕು, ಎರಡೂ ಗೊತ್ತಿರುವ ಮನುಷ್ಯ ಬೇಕು. ಆ ಮನುಷ್ಯ ಊರಾಚೆ ಇದ್ದರೆ? ವಸ್ತು ರಕ್ಷಣೆಯ ಯೋಜನೆಗಳು ಸೋಲುವುದು ಹೆಚ್ಚಾಗಿ ಇಂಥಲ್ಲೇ. ಯಾವುದನ್ನು ಮೊದಲು ಎತ್ತಬೇಕು, ಅದು ಯಾವ ಗೋಡೆಗಿದೆ, ಎಷ್ಟು ತೂಕ, ಎಷ್ಟು ಜನ ಬೇಕು, ಯಾವ ಸ್ಪ್ಯಾನರ್ ಬೇಕು ಎಂಬುದು ಕತ್ತಲಲ್ಲಿ, ಹೆಲ್ಮೆಟ್ ಹಾಕಿಕೊಂಡವನಿಗೆ ಓದಲು ಬರುವಂತೆ ಒಂದು ಹಾಳೆಯಲ್ಲಿರಬೇಕು. ಕಿರೀಟವೂ ಅದೇ 9ನೇ ಲೂಯಿಯ, ಅಂದರೆ ಸಂತ ಲೂಯಿಯ, ಅಂಗಿಯೂ ಹೊರಗೆ ಬಂದವು. ಮೊದಲು ನಗರಸಭೆಯ ಕಟ್ಟಡಕ್ಕೆ, ಅಲ್ಲಿಂದ ಲೂವ್ರ್ ಮ್ಯೂಸಿಯಮ್ಮಿಗೆ ಹೋದವು.

ಇನ್ನೊಂದು ಸಂಗತಿ ಬರೀ ಅದೃಷ್ಟದ್ದು. ಶಿಖರದ ಬುಡದಲ್ಲಿ ಯೇಸುವಿನ ಹನ್ನೆರಡು ಪ್ರೇಷಿತರು (ಶಿಷ್ಯರು), ಯೇಸುವಿನ ಚರಿತ್ರೆ ಬರೆದ ನಾಲ್ವರು ಸುವಾರ್ತಾಕಾರರ ಸಂಕೇತಗಳು, ಒಟ್ಟು 16 ತಾಮ್ರದ ವಿಗ್ರಹಗಳಿದ್ದವು. ಒಂದೊಂದೂ ಮೂರು ಮೀಟರಿಗಿಂತ ಎತ್ತರ. ಬೆಂಕಿಗೆ ನಾಲ್ಕೇ ದಿನ ಮೊದಲು, ಏಪ್ರಿಲ್ 11ರಂದು, ರಿಪೇರಿಗೆಂದು ಕ್ರೇನಿನಲ್ಲಿ ಇಳಿಸಿ ದೊರ್ದೊನ್ ಪ್ರಾಂತ್ಯದ ಕಾರ್ಯಾಗಾರಕ್ಕೆ ಕಳಿಸಿದ್ದರು. ತೆಳು ತಾಮ್ರದ ತಗಡನ್ನು ಬಡಿದು ರೂಪ ಕೊಟ್ಟು, ಒಳಗಿನ ಕಬ್ಬಿಣದ ಚೌಕಟ್ಟಿಗೆ ಕೂರಿಸಿದ ವಿಗ್ರಹಗಳಿವು. ತಾಮ್ರ-ಕಬ್ಬಿಣ ತಾಗಿಕೊಂಡು ಮಳೆನೀರು ಸೇರಿದರೆ ಕಬ್ಬಿಣ ಬೇಗ ತುಕ್ಕು ತಿನ್ನುತ್ತದೆ, ಉಬ್ಬುತ್ತದೆ, ತಗಡಿನ ಬೆಸುಗೆ ಬಿಡುತ್ತದೆ. ಆ ತುಕ್ಕಿನಿಂದಲೇ ಇವು ಬದುಕಿದವು ಅನ್ನಬೇಕು. ಶಿಖರದ ತುದಿಯ ತಾಮ್ರದ ಹುಂಜ ಅಲ್ಲೇ ಇತ್ತು. ಜಜ್ಜಿಹೋಗಿ ಅವಶೇಷಗಳ ನಡುವೆ ಸಿಕ್ಕಿತು. ಹೊಸ ಹುಂಜವನ್ನು 2023ರ ಡಿಸೆಂಬರ್ 16ರಂದು ಏರಿಸಿದರು; ಒಳಗೆ ಪವಿತ್ರ ಅವಶೇಷಗಳ ಜೊತೆ ಕೆಲಸ ಮಾಡಿದ ಸುಮಾರು 2,000 ಜನರ ಹೆಸರಿನ ಪಟ್ಟಿಯಿದೆ.

ನೀರು ಮಾಡಿದ ಕೆಲಸ

ಮಾಡಿನ ಬೆಂಕಿಗೆ ಬಿಟ್ಟ ನೀರು ಕಮಾನಿನ ತೂತುಗಳಿಂದ, ಸಂದಿಗಳಿಂದ ಕೆಳಗಿಳಿಯಿತು. ಕೈಯಲ್ಲಿ ಎತ್ತಬಹುದಾದದ್ದು ಹೊರಗೆ ಹೋಗಿತ್ತು. ದೊಡ್ಡವು ಗೋಡೆಯಲ್ಲೇ ಇದ್ದವು.

ದೊಡ್ಡವುಗಳಲ್ಲಿ ಮುಖ್ಯ ‘ಮೇ’ ಚಿತ್ರಗಳು. ಪ್ಯಾರಿಸಿನ ಅಕ್ಕಸಾಲಿಗರ ಸಂಘ 1630ರಿಂದ 1707ರವರೆಗೆ ಹೆಚ್ಚುಕಡಿಮೆ ಪ್ರತಿವರ್ಷ ಮೇ ತಿಂಗಳಲ್ಲಿ ಮಾತೆ ಮರಿಯಳಿಗೆ ಹರಕೆಯಾಗಿ ಒಂದು ದೊಡ್ಡ ಚಿತ್ರ ಕೊಡುತ್ತಿತ್ತು. ಒಟ್ಟು 76 ಚಿತ್ರಗಳು. ಶಾರ್ಲ್ ಲ ಬ್ರನ್, ಲೊರಾನ್ ದ ಲಾ ಇರ್, ಸೆಬಾಸ್ತಿಯನ್ ಬೂರ್ದೋ ಇಂಥವರೆಲ್ಲ ಬರೆದಿದ್ದಾರೆ. ಕ್ರಾಂತಿಯ ಕಾಲದಲ್ಲಿ ಚದುರಿಹೋಗಿ, ಬೆಂಕಿಯ ದಿನ ಕೆಥೆಡ್ರಲಿನಲ್ಲಿ ಇದ್ದದ್ದು 13. ಒಂದೊಂದೂ ಸುಮಾರು ಮೂರೂವರೆ ಮೀಟರ್ ಎತ್ತರ. ಬೆಂಕಿ ಆರಿದ ಕೆಲವೇ ದಿನಗಳಲ್ಲಿ ಇವನ್ನು ಇಳಿಸತೊಡಗಿದರು, ಅದೂ ಮೇಲೆ ಕಮಾನು ನಿಲ್ಲುತ್ತದೋ ಇಲ್ಲವೋ ಗೊತ್ತಿಲ್ಲದ ಹೊತ್ತಿನಲ್ಲಿ.

ಅಷ್ಟು ಅವಸರ ಯಾಕೆಂದರೆ, ಹಳೆಯ ತೈಲಚಿತ್ರದ ಬಟ್ಟೆಗೆ ಬಣ್ಣ ಹಚ್ಚುವ ಮೊದಲು ಪ್ರಾಣಿಜನ್ಯ ಅಂಟು ಸವರಿರುತ್ತಾರೆ. ತೇವ ತಾಗಿದರೆ ಅಂಟು ಉಬ್ಬಿ ಮೆತ್ತಗಾಗುತ್ತದೆ, ನಾರುಬಟ್ಟೆ ಕುಗ್ಗುತ್ತದೆ. ಮೇಲಿನ ಬಣ್ಣದ ಪದರ ಕುಗ್ಗಲಾರದು. ಗುಡಾರದ ಹಾಗೆ ಎದ್ದು ಚಕ್ಕೆಯಾಗಿ ಉದುರುತ್ತದೆ. ಎರಡು-ಮೂರು ದಿನ ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ವಾರ್ನಿಷಿನೊಳಗೆ ನೀರು ಸೇರಿದರೆ ಬೆಳ್ಳಗೆ ಮಂಜುಗಟ್ಟುತ್ತದೆ, ಕೆಳಗಿನ ಚಿತ್ರವೇ ಕಾಣದು. ಬೇಗ ಒಣಗಲೆಂದು ಬಿಸಿಗಾಳಿ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಏಳುತ್ತಿರುವ ಬಣ್ಣದ ಮೇಲೆ ತೆಳ್ಳನೆಯ ಜಪಾನಿ ಕಾಗದವನ್ನು ದುರ್ಬಲ ಅಂಟಿನಿಂದ ಅಂಟಿಸಿ ಚಕ್ಕೆಯನ್ನು ಇದ್ದಲ್ಲೇ ಹಿಡಿದಿಡಬೇಕು, ತೇವಾಂಶವನ್ನು ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಧೂಳನ್ನು ಮೆತ್ತನೆಯ ಬ್ರಷ್ಷು, ಸೂಕ್ಷ್ಮ ಫಿಲ್ಟರಿನ ವ್ಯಾಕ್ಯೂಮ್ ಎರಡರಿಂದ ತೆಗೆಯಬೇಕು. ಒರೆಸಿದರೆ ಸೀಸ ಬಣ್ಣದ ಬಿರುಕಿನೊಳಗೆ ಇಳಿಯುತ್ತದೆ.

ನೋತ್ರ್ ದಾಮಿನ ಚಿತ್ರಗಳು ಅದೃಷ್ಟವಂತ. ಹೆಚ್ಚಿನವಕ್ಕೆ ಆದದ್ದು ಧೂಳು, ಸ್ವಲ್ಪ ತೇವ, ಅಷ್ಟೆ. ಆದರೆ ಗೋಡೆಯಿಂದ ಇಳಿದ ಮೇಲೆ ಹಳೆಯ ಕಾಯಿಲೆಗಳು ಕಂಡವು: ಹಳದಿಗಟ್ಟಿದ ವಾರ್ನಿಷ್, ಹಿಂದಿನ ರಿಪೇರಿಯಲ್ಲಿ ಬೆನ್ನಿಗೆ ಅಂಟಿಸಿದ ಬಟ್ಟೆಯ ಎಳೆತ, ಬಣ್ಣ ಬದಲಾದ ತೇಪೆಗಳು. ಹೀಗಾಗಿ ಬೆಂಕಿಯ ರಿಪೇರಿ ಎಂದು ಶುರುವಾದದ್ದು ಮುನ್ನೂರೈವತ್ತು ವರ್ಷಗಳ ರಿಪೇರಿಯಾಯಿತು. 2024ರ ಬೇಸಿಗೆಯಲ್ಲಿ ಗೊಬೆಲಿನ್ ಗ್ಯಾಲರಿಯಲ್ಲಿ ಈ ಚಿತ್ರಗಳನ್ನು ಕಣ್ಣಿನ ಮಟ್ಟದಲ್ಲಿ ಪ್ರದರ್ಶಿಸಿದ್ದರು. ಗೋಡೆಯ ಮೇಲಿದ್ದಾಗ ಕಪ್ಪು ಹಲಗೆಯಂತಿದ್ದ ಚಿತ್ರಗಳಲ್ಲಿ ನೀಲಿ, ಕೆಂಪು ಹೊರಬಂದಿತ್ತು.

ಅದೇ ಪ್ರದರ್ಶನದಲ್ಲಿದ್ದ ಇನ್ನೊಂದು ವಸ್ತು ರತ್ನಗಂಬಳಿ. 10ನೇ ಶಾರ್ಲ್ ಅರಸನ ಕಾಲದಲ್ಲಿ ಶುರುವಾಗಿ 1833ರಲ್ಲಿ ನೇಯ್ದು ಮುಗಿದದ್ದು, 1841ರಲ್ಲಿ ಕೆಥೆಡ್ರಲಿಗೆ ಕೊಟ್ಟದ್ದು. ಹರಡಿದರೆ 200 ಚದರ ಮೀಟರಿನ ಹತ್ತಿರ, ತೂಕ ಒಂದು ಟನ್ನಿನ ಆಸುಪಾಸು. ಅಪರೂಪದ ಹಬ್ಬಗಳಿಗಷ್ಟೇ ಹಾಸುತ್ತಿದ್ದರು, ಉಳಿದ ದಿನ ಸುತ್ತಿಟ್ಟಿರುತ್ತಿತ್ತು. ಸುತ್ತಿದ್ದಲ್ಲೇ ನೀರು ಕುಡಿಯಿತು. ನೆನೆದ ಕಂಬಳಿಯನ್ನು ಎತ್ತಿದವರಿಗೆ ಆ ತೂಕ ಗೊತ್ತು. ಒಂದು ಟನ್ ಉಣ್ಣೆ ನೆನೆದರೆ ಎಳೆದ ಕಡೆ ಹಾಸುನೂಲೇ ಕಡಿಯುತ್ತದೆ. ಒದ್ದೆ ಉಣ್ಣೆಯಲ್ಲಿ ಬಣ್ಣ ಪಕ್ಕಕ್ಕೆ ಇಳಿಯುವ ಭಯ, ಬೂಷ್ಟಿನ ಭಯ, ಆಮೇಲೆ ನುಸಿಯ ಭಯ. ನೀರು ಹೀರಿ, ಗಾಳಿಯಾಡಿಸಿ ಒಣಗಿಸಿದ ಬಳಿಕ ಹುಳಗಳನ್ನು ಸಾಯಿಸಲು ಇಡೀ ಗಂಬಳಿಯನ್ನು ಹೆಪ್ಪುಗಟ್ಟುವ ಚಳಿಯಲ್ಲಿಟ್ಟರು. ವಿಷದ ಪುಡಿ ಹಾಕದೆ ಮೊಟ್ಟೆ ಸಮೇತ ಕೊಲ್ಲಲು ಉಣ್ಣೆಯ ವಸ್ತುಗಳಿಗೆ ಇದೇ ನಂಬಿಕೆಯ ದಾರಿ.

18ನೇ ಶತಮಾನದ ಕೆತ್ತನೆಯ ಓಕ್ ಆಸನಗಳನ್ನೂ ಬಿಚ್ಚಬೇಕಾಯಿತು. ನೆನೆದ ಮರ ಉಬ್ಬುತ್ತದೆ, ಒಣಗುವಾಗ ಮೇಲ್ಮೈ ಮೊದಲು, ಒಳಗು ಆಮೇಲೆ ಕುಗ್ಗುತ್ತದೆ. ಈ ವ್ಯತ್ಯಾಸಕ್ಕೇ ಬಿರುಕು ಬಿಡುವುದು. ಆಸನಗಳ ಬಳಿಯ ಚಿಕ್ಕ ಆರ್ಗನ್ ನೀರಿಗೆ ಪೂರ್ತಿ ಹಾಳಾಯಿತು. ಪಶ್ಚಿಮ ಬಾಗಿಲಿನ ಮೇಲಿನ ದೊಡ್ಡ ಆರ್ಗನ್ ನೆನೆಯಲಿಲ್ಲ, ಸುಡಲಿಲ್ಲ. ಅದಕ್ಕೆ ಬಂದ ಕಷ್ಟ ಬೇರೆ.

ಸೀಸದ ಧೂಳು

ಮಾಡಿನ ಮೇಲೂ ಶಿಖರದ ಮೇಲೂ ಕೂಡಿ ಇದ್ದ ಸೀಸ ಸುಮಾರು 460 ಟನ್. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ; ಓಕ್ ಮರ ಉರಿಯುವಾಗಿನ ತಾಪ ಅದರ ಎರಡು ಪಟ್ಟು ಮೀರುತ್ತದೆ. ಹೆಚ್ಚಿನದು ಕರಗಿ ಕೆಳಗೆ ಹರಿದು ಗಟ್ಟಿಯಾಯಿತು. ಒಂದು ಪಾಲು ನುಣ್ಣನೆಯ ಆಕ್ಸೈಡ್ ಧೂಳಾಗಿ ಹೊಗೆಯಲ್ಲಿ ಎದ್ದಿತು. ಆ ಸಂಜೆಯ ಚಿತ್ರಗಳಲ್ಲಿ ಕಾಣುವ ಹಳದಿ ಹೊಗೆ ಅದೇ. ಆ ಧೂಳು ಒಳಗಿನ ಪ್ರತಿಯೊಂದು ಮೇಲ್ಮೈಯ ಮೇಲೂ ಕೂತಿತು.

ಸೀಸ ಮೆದುಳಿಗೂ ರಕ್ತಕ್ಕೂ ವಿಷ. ಸುರಕ್ಷತೆ ಸಾಲದೆಂದು 2019ರ ಜುಲೈ ಕೊನೆಯಿಂದ ಆಗಸ್ಟ್ 19ರವರೆಗೆ ಇಡೀ ಕೆಲಸವನ್ನು ನಿಲ್ಲಿಸಿದ್ದರು. ಆಮೇಲೆ ಬಂದ ನಿಯಮ ಹೀಗೆ: ಹೊರಗಿನ ಬಟ್ಟೆ ಪೂರ್ತಿ ಬಿಚ್ಚಿ, ಬಿಸಾಡುವ ಉಡುಪು, ಮುಖವಾಡ ಹಾಕಿ ಒಳಗೆ ಹೋಗಬೇಕು, ಹೊರಬರುವಾಗ ಪ್ರತಿಸಲವೂ ಸ್ನಾನ. ಊಟಕ್ಕೆ, ಶೌಚಕ್ಕೆ ಹೋದರೂ ಅಷ್ಟೇ. ದಿನಕ್ಕೆ ನಾಲ್ಕೈದು ಸ್ನಾನ ಮಾಡುವವರ ಕೈಯಲ್ಲಿ ಸೂಕ್ಷ್ಮ ಕೆಲಸ ಎಷ್ಟು ಹೊತ್ತು ನಡೆದೀತು? ವಸ್ತುಗಳನ್ನು ಹೊರಗೆ ಸಾಗಿಸಲು ಇದೂ ಒಂದು ಕಾರಣ.

ಬರೀ ಕಲ್ಲಿನ ಗೋಡೆಗೆ ಒಂದು ಉಪಾಯ ಕೆಲಸ ಮಾಡಿತು. ಮೊದಲು ವ್ಯಾಕ್ಯೂಮ್, ಆಮೇಲೆ ಲೇಟೆಕ್ಸ್ (ರಬ್ಬರಿನಂಥ ದ್ರವ) ಲೇಪ. ಕೆಲವು ದಿನ ಒಣಗಲು ಬಿಟ್ಟು ಹಾಳೆಯಂತೆ ಸುಲಿದರೆ ಸೀಸ, ಮಸಿ, ಶತಮಾನಗಳ ದೀಪದ ಹೊಗೆ ಎಲ್ಲ ಅದರೊಡನೆ ಬರುತ್ತದೆ. ಈಗ ಒಳಗೆ ಹೋದವರು ಕಲ್ಲು ಇಷ್ಟು ಬೆಳ್ಳಗಿದೆಯೇ ಎಂದು ಅಚ್ಚರಿಪಡುವುದು ಇದರಿಂದ. ಬಣ್ಣ ಬಳಿದ ಗೋಡೆಯ ಮೇಲೆ ಮಾತ್ರ ಇದನ್ನು ಹಚ್ಚುವಂತಿಲ್ಲ, ಬಣ್ಣವೂ ಸುಲಿದು ಬರುತ್ತದೆ. ವಿಯೊಲೆ-ಲ-ದ್ಯುಕ್ ಕಾಲದ ಭಿತ್ತಿಚಿತ್ರಗಳಿರುವ ಪೂಜಾಮಂದಿರಗಳಲ್ಲಿ ಅಂಗೈಯಗಲದ ಜಾಗದಿಂದ ಜಾಗಕ್ಕೆ ನಡೆಯಬೇಕು: ಉದುರುವ ಬಣ್ಣವನ್ನು ಮೊದಲು ಅಂಟಿಸಿ, ನಂತರ ಒದ್ದೆ ಪಟ್ಟಿಯಿಂದ ಕೊಳೆ ಎತ್ತಿ, ಗೋಡೆಯೊಳಗಿನಿಂದ ಉಪ್ಪು ಹೊರಬರುತ್ತಿದೆಯೇ ನೋಡಿ, ಕೊನೆಗೆ ಬಣ್ಣ ಹೋದ ಕಡೆ ಬೇಕಾದಾಗ ತೆಗೆಯಬಹುದಾದ ಬಣ್ಣ ತುಂಬಬೇಕು. ಇಡೀ ಕಟ್ಟಡಕ್ಕೆ ಹೋಗುವ ಮುಂಚೆ ಎರಡು ಪೂಜಾಮಂದಿರಗಳಲ್ಲಿ ಪ್ರಯೋಗ ಮಾಡಿ, ಎಷ್ಟು ಸಮಯ, ಎಷ್ಟು ಹಣ, ಯಾವ ವಿಧಾನ ಎಂದು ಅಳೆದರು. ದೊಡ್ಡ ಜೀರ್ಣೋದ್ಧಾರಗಳಲ್ಲಿ ಈ ಮಾದರಿ ಕೆಲಸವನ್ನು ಖರ್ಚೆಂದು ಹಾರಿಸುವವರು ಆಮೇಲೆ ಅದರ ಹತ್ತು ಪಟ್ಟು ಕಳೆದುಕೊಳ್ಳುತ್ತಾರೆ.

ಗಾಜಿಗೆ ಸೀಸದ್ದು ದುಪ್ಪಟ್ಟು ತೊಡಕು. ಬಣ್ಣದ ಗಾಜಿನ ತುಂಡುಗಳನ್ನು ಕೂಡಿಸುವ ಪಟ್ಟಿಯೇ ಸೀಸದ್ದು. ಮೇಲೆ ಕೂತ ಸೀಸದ ಧೂಳು ಹೋಗಬೇಕು, ಪಟ್ಟಿಯ ಸೀಸ ಉಳಿಯಬೇಕು, ಗಾಜಿನ ಮೇಲೆ ಕುಂಚದಲ್ಲಿ ಬರೆದ ಗೆರೆಗಳೂ ಉಳಿಯಬೇಕು. 13ನೇ ಶತಮಾನದ ಮೂರು ದುಂಡು ‘ಗುಲಾಬಿ ಹೂ’ ಕಿಟಕಿಗಳು ಬೆಂಕಿಯಿಂದ ಪಾರಾದವು. ಮೇಲಂತಸ್ತಿನ ಎತ್ತರದ ಕಿಟಕಿಗಳ ಗಾಜನ್ನು 2019ರಲ್ಲೇ ಇಳಿಸಿ ಕಾರ್ಯಾಗಾರಗಳಿಗೆ ಹಂಚಿದರು. ನಾಲ್ಕು ಕಿಟಕಿಗಳು ಗಡಿ ದಾಟಿ ಜರ್ಮನಿಯ ಕಲೋನ್ ಕೆಥೆಡ್ರಲಿನ ಗಾಜಿನ ಕಾರ್ಯಾಗಾರಕ್ಕೆ ಹೋದವು. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿಗೆ ಮಾದರಿಯಾದದ್ದು ಎನ್ನುವರಲ್ಲ, ಅದೇ ಕಲೋನ್. ಅಲ್ಲಿ ಮೊದಲು ಮುಚ್ಚಿದ ಕೋಣೆಯಲ್ಲಿ ವ್ಯಾಕ್ಯೂಮ್ ಮಾಡಿ, ತೊಳೆದು ಸೀಸ ಕಳೆದರು. ನಂತರ ಪುಡಿಯಾದ ಪುಟ್ಟಿ ಬದಲಿಸಿ, ಬಿರುಕುಬಿಟ್ಟ ಗಾಜನ್ನು ಅಂಟಿಸಿದರು. ಈ ನಾಲ್ಕು 1960ರ ದಶಕದವು ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎಂಟು ಸಾವಿರ ಕೊಳವೆಗಳು

ದೊಡ್ಡ ಆರ್ಗನ್ನಿಗೆ ಐದು ಕೀಲಿಮಣೆ, ಕಾಲಿನದ್ದು ಬೇರೆ, ಸುಮಾರು 8,000 ಕೊಳವೆಗಳು. ಹೊರಗಿನಿಂದ ನೋಡಿದರೆ ಗಟ್ಟಿಮುಟ್ಟಾಗಿತ್ತು. ಆದರೆ ಕೊಳವೆ ಎಂದರೆ ಮೇಲೆ ಬಾಯಿ ತೆರೆದ ಪಾತ್ರೆ; ಗಾಳಿಯಲ್ಲಿದ್ದ ಧೂಳು ನೇರ ಒಳಗೆ ಇಳಿಯಿತು. ಕೊಳವೆಗಳಲ್ಲಿ ಎರಡು ಜಾತಿ. ಒಂದರಲ್ಲಿ ತೆಳು ಸೀಳಿನಿಂದ ಬಂದ ಗಾಳಿ ತುಟಿಯಂಚಿಗೆ ಬಡಿದು ನಾದ ಬರುತ್ತದೆ. ಸೀಳಿನಲ್ಲಿ ಧೂಳು ಕೂತರೆ ದನಿ ಸಣ್ಣಗಾಗುತ್ತದೆ. ಇನ್ನೊಂದರಲ್ಲಿ ಹಾರ್ಮೋನಿಯಮ್ಮಿನಲ್ಲಿರುವಂತೆ ಹಿತ್ತಾಳೆಯ ರೀಡು. ರೀಡಿನ ಅಡಿ ಒಂದು ಕಣ ಸಿಕ್ಕಿಕೊಂಡರೂ ದನಿ ಒಡೆಯುತ್ತದೆ ಅಥವಾ ಏಳುವುದೇ ಇಲ್ಲ.

ಇದ್ದಲ್ಲೇ ಗಾಳಿ ಊದಿ ಸ್ವಚ್ಛ ಮಾಡಬಾರದೇ? ಊದಿದರೆ ಸೀಸ ಮತ್ತೆ ಕಟ್ಟಡದ ತುಂಬ ಹರಡುತ್ತದೆ. ಸೀಸ ಕರಗಿಸುವ ರಾಸಾಯನಿಕವೂ ಆಗದು, ಯಾಕೆಂದರೆ ಲೋಹದ ಕೊಳವೆಗಳೇ ತವರ-ಸೀಸದ ಮಿಶ್ರಣ. ಧೂಳಿನ ಜೊತೆ ಕೊಳವೆಯೂ ಕರಗುತ್ತದೆ. ಕೊಳವೆಗಳಿಗೆ ಗಾಳಿ ಹಂಚುವ ಮರದ ಪೆಟ್ಟಿಗೆಗಳಲ್ಲಿ ತೊಗಲಿನ ಪದರಗಳಿವೆ. ಮಾಡಿಲ್ಲದ ಕಟ್ಟಡದಲ್ಲಿ ಬಿಸಿಲು-ಚಳಿ ಏರಿಳಿದು ಅವೂ ಹಾಳಾಗಿದ್ದವು. ಕೊನೆಗೆ 2020ರ ಆಗಸ್ಟಿನಿಂದ ಡಿಸೆಂಬರಿನವರೆಗೆ ಕೊಳವೆ ಕೊಳವೆಯಾಗಿ ಬಿಚ್ಚಿ, ದಕ್ಷಿಣ ಫ್ರಾನ್ಸಿನ ಕಾರ್ಯಾಗಾರಗಳಿಗೆ ಕಳಿಸಿದರು. 2023ರಲ್ಲಿ ಮರುಜೋಡಣೆ ಶುರುವಾಯಿತು. ಜೋಡಿಸಿದ ಮೇಲೆ ಉಳಿಯುವುದು ಅತಿ ನಿಧಾನದ ಕೆಲಸ, ಒಂದೊಂದು ಕೊಳವೆಯ ಶ್ರುತಿಯನ್ನೂ ದನಿಯ ಬಣ್ಣವನ್ನೂ ಕಿವಿಯಿಂದ ಹೊಂದಿಸುವುದು. ಹಗಲಿಡೀ ಗರಗಸ, ಸುತ್ತಿಗೆ. ಹೀಗಾಗಿ ತಿಂಗಳುಗಟ್ಟಲೆ ರಾತ್ರಿ ಪಾಳಿಯಲ್ಲಿ ಇದು ನಡೆಯಿತು. ಕಲ್ಲು ಸ್ವಚ್ಛವಾದ ಮೇಲೆ ಕಟ್ಟಡದ ಅನುರಣನವೂ ಬದಲಾಗಿರುತ್ತದೆ, ಹಳೆಯ ಗುರುತಿಗೆ ಕೂರಿಸಿ ಬಿಡುವಂತಿಲ್ಲ.

ಯಾರ ಆಸ್ತಿ, ಯಾರ ಮಾತು

1905ರ ಕಾನೂನಿನ ಪ್ರಕಾರ ನೋತ್ರ್ ದಾಮ್ ಫ್ರೆಂಚ್ ಸರ್ಕಾರದ ಆಸ್ತಿ. ಕಥೋಲಿಕ ಚರ್ಚಿಗೆ ಪೂಜೆಗಾಗಿ ಬಳಸುವ ಹಕ್ಕು. ಆಗ ಒಳಗಿದ್ದ ವಸ್ತುಗಳಿಗೂ ಅದೇ ಲೆಕ್ಕ. ಆಮೇಲೆ ಚರ್ಚು ತಾನೇ ಮಾಡಿಸಿಕೊಂಡದ್ದು ಚರ್ಚಿನದು. ಬೆಂಕಿಯ ನಂತರ ಸುಮಾರು 150 ದೇಶಗಳ 3,40,000 ಜನರಿಂದ ಬಂದ 84.6 ಕೋಟಿ ಯೂರೋ ದೇಣಿಗೆಯನ್ನು ಕಟ್ಟಡಕ್ಕೂ ಸರ್ಕಾರದ ಒಡೆತನದ ವಸ್ತುಗಳಿಗೂ ಖರ್ಚು ಮಾಡಬೇಕೆಂದು 2019ರ ಜುಲೈ 29ರ ಕಾನೂನು ಹೇಳಿತು.

ಇದರಿಂದ ಹೊಸ ಪೀಠೋಪಕರಣಗಳ ಮಾತು ಸುಲಭವಾಗಿ ಬಗೆಹರಿಯಿತು. ಬಲಿಪೀಠ ನಾಶವಾಗಿತ್ತು, ಹೊಸದು ಬೇಕೇಬೇಕಿತ್ತು. ಗೀಯೋಮ್ ಬಾರ್ದೇ ಕಂಚಿನಲ್ಲಿ ಬಲಿಪೀಠ, ವಾಚನಪೀಠ, ಮಹಾಧರ್ಮಾಧ್ಯಕ್ಷರ ಪೀಠ, ಜ್ಞಾನಸ್ನಾನದ ತೊಟ್ಟಿ, ಪರಮಪ್ರಸಾದದ ಪೆಟ್ಟಿಗೆ ಮಾಡಿದರು. ಇಯೋನಾ ವೋತ್ರೆನ್ ಓಕ್ ಮರದ 1,500 ಕುರ್ಚಿಗಳ ವಿನ್ಯಾಸ ಮಾಡಿದರು. ಮುಳ್ಳಿನ ಕಿರೀಟಕ್ಕೆ ಸಿಲ್ವೆನ್ ದ್ಯುಬ್ವಿಸೋ ಹೊಸ ಪೇಟಿಕೆ ರೂಪಿಸಿದರು. ಹಣ ಕೊಟ್ಟದ್ದು ಪ್ಯಾರಿಸ್ ಧರ್ಮಪ್ರಾಂತ್ಯ. ಬಾರ್ದೇ ಅವರ ಕಂಚು ಮಂಕು, ತೀರ ಸರಳ ಎಂದು ಕೆಲವರು ಗೊಣಗಿದರು. ಅಷ್ಟು ಅಲಂಕಾರವಿರುವ ಕಟ್ಟಡದ ನಡುವೆ ಸರಳತೆಯೇ ಸರಿಯೆಂದು ನನಗೆ ಕಾಣುತ್ತದೆ. ಏನೇ ಇರಲಿ, ಖಾಲಿ ಜಾಗಕ್ಕೆ ಹೊಸದು ಬಂದಿದೆ, ತಕರಾರಿಲ್ಲ.

ಆರು ಕಿಟಕಿಗಳು

ಕಿಟಕಿಗಳ ವಿಷಯದಲ್ಲಿ ಜಾಗ ಖಾಲಿಯಿಲ್ಲ. ಅಧ್ಯಕ್ಷ ಎಮಾನ್ಯುಯೆಲ್ ಮಾಕ್ರೋನ್ 2023ರ ಡಿಸೆಂಬರಿನಲ್ಲಿ, ಮಹಾಧರ್ಮಾಧ್ಯಕ್ಷ ಲೊರಾನ್ ಉಲ್ರಿಕ್ ಅವರ ಕೋರಿಕೆಯಂತೆ, ಆರು ಕಿಟಕಿಗಳಿಗೆ ಸಮಕಾಲೀನ ಗಾಜು ಹಾಕುವುದಾಗಿ ಘೋಷಿಸಿದರು. ಏಳನೆಯದರಲ್ಲಿ ಯೇಸುವಿನ ವಂಶವೃಕ್ಷದ ಚಿತ್ರವಿದೆ, ಅದು ಹಾಗೇ ಇರುತ್ತದೆ. 2024ರ ಜುಲೈನಲ್ಲಿ ರಾಷ್ಟ್ರೀಯ ಪರಂಪರೆ ಮತ್ತು ವಾಸ್ತು ಆಯೋಗ ಸರ್ವಾನುಮತದಿಂದ ಬೇಡವೆಂದಿತು. ಆಯೋಗದ ಮಾತು ಸಲಹೆ ಮಾತ್ರ. ವಿರೋಧದ ಮನವಿಗೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಆದರೂ ಆ ಡಿಸೆಂಬರಿನಲ್ಲಿ ತಬೂರೇ ಅವರನ್ನೂ, 1640ರಲ್ಲಿ ಶುರುವಾದ ರ‍್ಯಾಂಸ್ ನಗರದ ಸಿಮೋನ್-ಮಾರ್ಕ್ ಗಾಜಿನ ಕಾರ್ಯಾಗಾರವನ್ನೂ ಆಯ್ಕೆ ಮಾಡಲಾಯಿತು. ಗಾಜಿನ ವಿಷಯ ಪೆಂತಕೋಸ್ತ್, ಅಂದರೆ ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದು ಬಂದ ದಿನ.

ಪರ ಇರುವವರ ವಾದ ಹುರುಳಿಲ್ಲದ್ದಲ್ಲ. ಕೆಥೆಡ್ರಲ್ ಬಳಕೆಯಲ್ಲಿರುವ ಪೂಜಾಸ್ಥಳ, ಪ್ರತಿ ಕಾಲವೂ ಅದಕ್ಕೆ ಏನನ್ನೋ ಸೇರಿಸಿದೆ. ಅವರ ಕೈಯಲ್ಲಿ ಒಳ್ಳೆಯ ಪೂರ್ವನಿದರ್ಶನವೂ ಇದೆ. 1930ರ ದಶಕದಲ್ಲಿ ಹನ್ನೆರಡು ಕಲಾವಿದರು ಇಲ್ಲಿನ ಮೇಲಂತಸ್ತಿಗೆ ಹೊಸ ಗಾಜು ಮಾಡಿದ್ದರು. ಕೂರಿಸಿದ ಕೂಡಲೇ ಗಲಾಟೆ, ಯುದ್ಧ ಬರುವ ಹೊತ್ತಿಗೆ ತೆಗೆದದ್ದು ಮರಳಲಿಲ್ಲ. ಆ ಹನ್ನೆರಡರಲ್ಲಿ ಒಬ್ಬರಾದ ಜಾಕ್ ಲ ಶೆವಲಿಯೇ ಅವರಿಗೇ 1960ರ ದಶಕದಲ್ಲಿ ಅಮೂರ್ತ ಶೈಲಿಯ ಗಾಜು ಮಾಡುವ ಅವಕಾಶ ಸಿಕ್ಕಿತು. ಕಲೋನಿನಲ್ಲಿ ತೊಳೆದು ತಂದದ್ದು ಅವನ್ನೇ. ಒಂದು ಕಾಲದ ‘ಆಧುನಿಕ’ ಇವತ್ತು ಜೋಪಾನದ ಪರಂಪರೆ.

ವಿರೋಧಿಗಳು ತೋರಿಸುವುದು ಸ್ಮಾರಕ ರಕ್ಷಣೆಯ ಅಂತರರಾಷ್ಟ್ರೀಯ ಸೂತ್ರಗಳಾದ 1964ರ ವೆನಿಸ್ ಸನ್ನದನ್ನು: ಸ್ಮಾರಕಕ್ಕೆ ಎಲ್ಲ ಕಾಲಗಳೂ ಸೇರಿಸಿದ್ದನ್ನು ಗೌರವಿಸಬೇಕು ಎನ್ನುತ್ತದೆ ಅದು. ನನಗೆ ಅದಕ್ಕಿಂತ ಬಲವಾಗಿ ಕಾಣುವುದು ಸರ್ಕಾರದ ಸ್ವಂತ ನಿರ್ಧಾರ. 2020ರ ಜುಲೈನಲ್ಲಿ, ಹೊಸ ಬಗೆಯ ಶಿಖರ ಬೇಡ, ವಿಯೊಲೆ-ಲ-ದ್ಯುಕ್ 19ನೇ ಶತಮಾನದಲ್ಲಿ ಕಟ್ಟಿದ್ದನ್ನೇ ಅದೇ ಓಕ್, ಅದೇ ಸೀಸದಲ್ಲಿ ಕಟ್ಟಬೇಕೆಂದು ತೀರ್ಮಾನವಾಯಿತು. ಅವನ ಕೆಲಸವೂ ಸ್ಮಾರಕದ ಭಾಗ ಎಂಬುದೇ ಅದಕ್ಕೆ ಆಧಾರ. ಸುಟ್ಟುಹೋದ ವಿಯೊಲೆ-ಲ-ದ್ಯುಕ್‌ನನ್ನು ಕೋಟಿಗಟ್ಟಲೆ ಸುರಿದು ಮರಳಿ ಕಟ್ಟಿ, ಸುಡದೆ ಉಳಿದ ವಿಯೊಲೆ-ಲ-ದ್ಯುಕ್‌ನನ್ನು ಕಳಚುವುದಕ್ಕೆ ಯಾವ ತರ್ಕವೂ ಹೊಂದುವುದಿಲ್ಲ.

ತಾಂತ್ರಿಕವಾಗಿ ಒಂದು ಮಾತು ಚರ್ಚೆಯಲ್ಲಿ ಕಡಿಮೆ ಕೇಳುತ್ತದೆ. ಬೂದು-ಬಿಳಿ ಗಾಜು ಸಾದಾ ಕಿಟಕಿಯಲ್ಲ. ಬೆಳಕನ್ನು ಬಣ್ಣ ಬದಲಿಸದೆ ಚದುರಿಸುತ್ತದೆ. ದಕ್ಷಿಣದ ಕಿಟಕಿಗಳಿಗೆ ದಿನವಿಡೀ ನೇರ ಬಿಸಿಲು. ಅಲ್ಲಿ ದಟ್ಟ ಬಣ್ಣದ ಗಾಜು ಬಂದರೆ ಆ ಬಣ್ಣ ನೆಲದ ಮೇಲೆ, ಪಕ್ಕದ ಭಿತ್ತಿಚಿತ್ರಗಳ ಮೇಲೆ ಬೀಳುತ್ತದೆ. ಹಳದಿ ವಾರ್ನಿಷ್ ತೆಗೆದು ನೀಲಿಯನ್ನು ನೀಲಿಯಾಗಿ ಕಾಣಿಸಲು ವರ್ಷಗಟ್ಟಲೆ ದುಡಿದದ್ದಕ್ಕೂ ಇದಕ್ಕೂ ನಂಟಿದೆ. ತಬೂರೇ ಅವರ ಚಿತ್ರಗಳ ಗುಣದ ಪ್ರಶ್ನೆ ಇದಲ್ಲ. ಅವರ ಮಾದರಿಗಳನ್ನು ಪ್ಯಾರಿಸಿನ ಗ್ರಾಂ ಪಲೇ ಪ್ರದರ್ಶನಾಲಯದಲ್ಲಿ 2025ರ ಡಿಸೆಂಬರಿನಿಂದ ನಿಜಗಾತ್ರದಲ್ಲಿ ತೋರಿಸಿದ್ದಾರೆ. ಆದರೆ ಗ್ಯಾಲರಿಯ ದೀಪದಲ್ಲಿ ನೋಡಿದ್ದು ಮಧ್ಯಾಹ್ನದ ಬಿಸಿಲಿನಲ್ಲಿ ಪಕ್ಕದ ಗೋಡೆಗೆ ಏನು ಮಾಡುತ್ತದೆ ಎಂಬುದನ್ನು ಹೇಳುವುದಿಲ್ಲ. ಒಂದು ಕಿಟಕಿಗೆ ಬಣ್ಣದ ಹಾಳೆಯ ಪರದೆ ತಾತ್ಕಾಲಿಕವಾಗಿ ಕಟ್ಟಿ ಒಂದು ವರ್ಷದ ಬೆಳಕನ್ನು ಅಳೆಯಬಹುದು. ಗೋಡೆ ತೊಳೆಯುವ ಮುಂಚೆ ಎರಡು ಪೂಜಾಮಂದಿರಗಳಲ್ಲಿ ಪ್ರಯೋಗ ಮಾಡಿದವರಿಗೆ ಇದೇನೂ ಹೊಸ ಪಾಠವಲ್ಲ.

ಕಳಚಿದ ಗಾಜನ್ನು ಪಕ್ಕದ ಓತೆಲ್-ದಿಯೂ ಆಸ್ಪತ್ರೆ ಕಟ್ಟಡದಲ್ಲಿ ಬರಲಿರುವ ನೋತ್ರ್ ದಾಮ್ ಮ್ಯೂಸಿಯಮ್ಮಿನಲ್ಲಿ ಇಡುವ ಮಾತಿದೆ. ಹಾಗಾದರೆ ಆರೂ ಕಿಟಕಿಗಳ ಪ್ರತಿ ಫಲಕಕ್ಕೂ ನಂಬರು ಹಾಕಿ, ಫೋಟೊ ತೆಗೆದು, ಕಲ್ಲಿನ ಕಚ್ಚಿನಿಂದ ಪುಟ್ಟಿ ಕೆರೆದು ಬಿಡಿಸಬೇಕು. ಈ ಹಂತದಲ್ಲೇ ಅಂಚಿನ ಗಾಜು ಒಡೆಯುವುದು. ಫಲಕವನ್ನು ಎಂದೂ ಅಡ್ಡ ಮಲಗಿಸದೆ, ನಿಲ್ಲಿಸಿದ ಸ್ಥಿತಿಯಲ್ಲೇ ಮರದ ಪೆಟ್ಟಿಗೆಯಲ್ಲಿ ಸಾಗಿಸಬೇಕು, ಇಲ್ಲವಾದರೆ ಸೀಸದ ಪಟ್ಟಿ ಬಾಗಿ ಗಾಜು ಬಿರುಕು ಬಿಡುತ್ತದೆ. ಅಲ್ಲಿ ಹಿಂದಿನಿಂದ ದೀಪ ಹಾಕಿ ತೋರಿಸಬೇಕು. ಬೆಂಕಿ ಮಾಡದ ಹಾನಿಗೆ ಇಷ್ಟೆಲ್ಲ ಅವಕಾಶ ಕೊಟ್ಟು, ಯೋಜನೆಗೆ ಇಟ್ಟುಕೊಂಡಿರುವ ಗಡುವು 2026ರ ಕೊನೆ.